ಅಳತೆಯ ಪಾವು, ಕೂಡಿ ಉಣ್ಣುವ ತಟ್ಟೆ

(ನಂಜನಗೂಡಿನಲ್ಲಿಯೂ ಬಳಿಕ ಟಿ. ನರಸೀಪುರದಲ್ಲಿಯೂ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಹಸಿವನ್ನು ಕೊಟ್ಟವನೂ ಅವನೇ, ಅನ್ನವನ್ನು ಕೊಟ್ಟವನೂ ಅವನೇ. ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರು ಮತ್ತು ಸಂಗಡಿಗರ ಮೇಲೂ ಅಲ್ಲಾಹನ ಕೃಪೆ, ಶಾಂತಿಗಳಿರಲಿ.

ಪ್ರಿಯ ಸಹೋದರರೇ,

ಇಂದು ನಾವು ಎತ್ತಿಕೊಂಡಿರುವುದು ದಿನಸಿ ಅಂಗಡಿಯ ಸಾಲದ ಪುಸ್ತಕದ ವಿಷಯ. ಮಿಂಬರಿನ ಮೇಲೆ ನಿಂತು ಅಕ್ಕಿ, ಬೇಳೆ, ಎಣ್ಣೆಯ ಲೆಕ್ಕ ಹೇಳುವುದೇ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಪವಿತ್ರ ಕುರ್‌ಆನಿನ ಅತಿ ಉದ್ದದ ಆಯತ್ ಯಾವುದೆಂದು ನೆನಪಿಸಿಕೊಳ್ಳಿ. ಅದು ಸೂರಾ ಅಲ್ ಬಕರದ 282ನೆಯ ಆಯತ್. ಸಾಲದ ವ್ಯವಹಾರ ಮಾಡುವಾಗ ಬರೆದಿಡಬೇಕು, ಸಾಕ್ಷಿ ಇರಬೇಕು, ಮೊತ್ತ ಸಣ್ಣದಾಗಲಿ ದೊಡ್ಡದಾಗಲಿ ಬರೆಯಲು ಬೇಸರಪಡಬಾರದು ಎಂದು ಅದರಲ್ಲಿ ಕಲಿಸಲಾಗಿದೆ. ಅಲ್ಲಾಹನು ಇಷ್ಟು ವಿವರವಾಗಿ ಹೇಳಿದ ವಿಷಯವನ್ನು ನಾವು ಸಣ್ಣದೆಂದು ಬಿಡುವುದು ಸರಿಯಲ್ಲ.

ಈ ಮಾತು ಹೇಳಲು ಒಂದು ಕಾರಣವಿದೆ. ನಾಲ್ಕು ತಿಂಗಳ ಹಿಂದೆ ಟಿ. ನರಸೀಪುರದ ಒಂದು ಮಸೀದಿಯವರು ಜುಮಾಕ್ಕೆ ನಮ್ಮನ್ನು ಕರೆದಿದ್ದರು. ನಮಾಝ್ ಮುಗಿಸಿ ಜನರ ಕಡೆಗೆ ತಿರುಗಿದಾಗ ಕೊನೆಯ ಸಾಲಿನಲ್ಲಿ ಒಂದು ಪರಿಚಿತ ಮುಖ ಕಾಣಿಸಿತು. ನಂಜನಗೂಡಿನಲ್ಲಿ ನಮ್ಮದೇ ಮೊಹಲ್ಲಾದ ಸಹೋದರ. ಬಣ್ಣ ಬಳಿಯುವ ಕೆಲಸ ಅವರದು. ಕೆಲವು ವಾರಗಳಿಂದ ನಮ್ಮ ಮಸೀದಿಯ ಜುಮಾದಲ್ಲಿ ಅವರು ಕಂಡಿರಲಿಲ್ಲ. ಕೇಳಿದೆವು. "ಇಲ್ಲೇ ಕೆಲಸ ಇದೆ ಹಜ್ರತ್" ಎಂದು ತಲೆ ತಗ್ಗಿಸಿ ಹೊರಟುಹೋದರು.

ವಾರದ ನಂತರ ಒಂದು ರಾತ್ರಿ ಇಶಾ ಆದ ಮೇಲೆ ಅವರೇ ಬಂದು ಕುಳಿತರು. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಮೊದಲನೇ ಸಾಲಲ್ಲಿ ಅಂಗಡಿ ಭಾಯಿ ನಿಂತಿರ್ತಾರೆ ಹಜ್ರತ್. ಅವರ ಮುಖ ನೋಡೋಕಾಗಲ್ಲ. ಕೆಲಸ ಇಲ್ಲದ ಶುಕ್ರವಾರಾನೂ ಬಸ್ ಹತ್ತಿ ಅಲ್ಲಿಗೆ ಹೋಗ್ತಿದ್ದೆ."

ಅಂಗಡಿಯ ಬಾಕಿ 11,400 ರೂಪಾಯಿ. ದಿನಸಿಯ ಬಾಕಿ ಒಬ್ಬ ಸಹೋದರನನ್ನು ತನ್ನ ಮಸೀದಿಯಿಂದಲೇ ಹೊರಗೆ ಹಾಕಿತ್ತು. ಹೆಸರು ಹೇಳದೆ ಈ ಸಂಗತಿಯನ್ನು ಎಲ್ಲರ ಮುಂದೆ ಹೇಳಬಹುದೆಂದು ಅವರೇ ಅನುಮತಿ ಕೊಟ್ಟಿದ್ದಾರೆ. ಯಾರೆಂದು ಹುಡುಕಲು ಹೋಗಬೇಡಿ. ಅಂಥ ಮನೆ ನಮ್ಮಲ್ಲಿ ಒಂದೇ ಅಲ್ಲ.

ಸಾಲ ತೀರಿಸಲು ಸಾಲ

ಆ ರಾತ್ರಿ ಅವರು ಇನ್ನೊಂದು ಮಾತು ಹೇಳಿದರು. ಹೆಂಡತಿಯ ಹೆಸರಿನಲ್ಲಿ ಸಂಘದ ಸಾಲ ಎತ್ತಿ ಅಂಗಡಿಯ ಬಾಕಿ ತೀರಿಸುವ ಯೋಚನೆ ಅವರದಾಗಿತ್ತು. ನಾವು ತಡೆದೆವು. ಅಂಗಡಿ ಭಾಯಿ ಬಡ್ಡಿ ಕೇಳುವುದಿಲ್ಲ, ಇವತ್ತು ಇಲ್ಲ ಎಂದರೆ ನಾಳೆ ಬಾ ಎನ್ನುತ್ತಾರೆ. ವಾರದ ಕಂತು ನಾಳೆ ಬರುವುದಿಲ್ಲ, ಇವತ್ತೇ ಬರುತ್ತದೆ; ಬಡ್ಡಿಯನ್ನೂ ಜೊತೆಗೆ ತರುತ್ತದೆ. 2025ರ ಜನವರಿಯಲ್ಲಿ ನಮ್ಮ ನಂಜನಗೂಡು ತಾಲೂಕಿನ ಹಳ್ಳಿಗಳಿಂದ ಸಂಸಾರಗಳು ಮೈಕ್ರೋಫೈನಾನ್ಸ್ ವಸೂಲಿಗೆ ಹೆದರಿ ಮನೆ ಬಿಟ್ಟುಹೋದ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದೆವು. ಮರು ತಿಂಗಳು ರಾಜ್ಯ ಸರಕಾರ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ಕಾನೂನು ವಸೂಲಿಗಾರನ ಬಾಯಿ ಮುಚ್ಚಿಸಬಹುದು. ನಮ್ಮ ತಲೆಯ ಮೇಲಿನ ಸಾಲವನ್ನು ಅದು ಇಳಿಸುವುದಿಲ್ಲ, ಬಡ್ಡಿಯ ಪಾಪವನ್ನೂ ಇಳಿಸುವುದಿಲ್ಲ.

ಹಾಗೆಂದು ಅಂಗಡಿಯಲ್ಲಿ ಸಾಲ ತಂದವನನ್ನು ಯಾರೂ ಕೀಳಾಗಿ ನೋಡಬಾರದು. ಪ್ರವಾದಿ(ಸ)ರು ಇಹಲೋಕ ತ್ಯಜಿಸಿದಾಗ ಅವರ ಯುದ್ಧಕವಚ ಒಬ್ಬ ಯಹೂದಿಯ ಬಳಿ ಅಡವಿತ್ತು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ, ಇದು ಬುಖಾರಿಯಲ್ಲಿದೆ. ಮನೆಯವರ ಊಟಕ್ಕಾಗಿ ತಂದ 30 ಸಾಅ್ ಬಾರ್ಲಿಗೆ ಆ ಅಡವು. ನಾವು ಫಿತ್ರಾ ಅಳೆಯುವುದು ಇದೇ ಸಾಅ್ ಲೆಕ್ಕದಲ್ಲಿ. ಮನೆಮಂದಿಯ ಹೊಟ್ಟೆಗಾಗಿ ಕಡ ತರುವುದು ಅವಮಾನವಲ್ಲ. ಆದರೆ ಅದೇ ಪ್ರವಾದಿ(ಸ)ರು ಸಾಲದ ಹೊರೆಯಿಂದ ಅಲ್ಲಾಹನ ಅಭಯ ಬೇಡುತ್ತಿದ್ದರು. ಕೊಡಲು ಶಕ್ತನಾದವನು ಸತಾಯಿಸುವುದು ಅನ್ಯಾಯವೆಂದು ಎಚ್ಚರಿಸಿದರು. ಎರಡನ್ನೂ ಒಟ್ಟಿಗೆ ನೆನಪಿಡಬೇಕು.

ಮೊದಲು ಕಡಿಮೆಯಾದದ್ದು ಯಾರ ಪಾಲು?

ಮರುದಿನ ನಾವು ಅವರ ಮನೆಗೆ ಹೋದೆವು. ಒಂಬತ್ತು ಜನರ ಸಂಸಾರ: ವಯಸ್ಸಾದ ತಾಯಿ, ಇವರು ಮತ್ತು ಇವರ ಪತ್ನಿ, ತಮ್ಮ ಮತ್ತು ತಮ್ಮನ ಪತ್ನಿ, ನಾಲ್ಕು ಮಕ್ಕಳು. ಖರ್ಚು ಕಡಿಮೆ ಮಾಡಲು ಏನು ಮಾಡಿದ್ದೀರಿ ಎಂದು ಕೇಳಿದೆವು. ಆ ಮನೆಯ ಸೊಸೆಯಂದಿರು ಬಾಗಿಲ ಮರೆಯಿಂದ ಹೇಳಿದ್ದು ಕೇಳಿ ನಮ್ಮ ಬಾಯಿ ಕಟ್ಟಿಹೋಯಿತು. ಅಜ್ಜಿಗೆ ರಾತ್ರಿ ಕೊಡುತ್ತಿದ್ದ ಒಂದು ಲೋಟ ಹಾಲು ನಿಲ್ಲಿಸಿದ್ದರು. ಹೆಣ್ಣುಮಕ್ಕಳಿಬ್ಬರ ಮೊಟ್ಟೆ ನಿಲ್ಲಿಸಿದ್ದರು. ಸೊಸೆಯಂದಿರು ಎಲ್ಲರೂ ಉಂಡ ಮೇಲೆ ಉಳಿದರೆ ಉಣ್ಣುವುದು, ಇಲ್ಲದಿದ್ದರೆ ಟೀ ಕುಡಿದು ಮಲಗುವುದು.

ಅಂದರೆ ಕಡಿತ ಆಗಿತ್ತು. ಬಾಯಿ ಬಿಟ್ಟು ಕೇಳದವರ ತಟ್ಟೆಯಲ್ಲಿ ಆಗಿತ್ತು. ಅಂಗಡಿಯ ಬಾಕಿ ಮಾತ್ರ ಏರುತ್ತಲೇ ಇತ್ತು.

ಸಹೋದರರೇ, ಹಿಂದ್ ಬಿನ್ತ್ ಉತ್ಬಾ(ರ) ಪ್ರವಾದಿ(ಸ)ರ ಬಳಿ ಬಂದು, ನನ್ನ ಗಂಡ ಅಬೂ ಸುಫಿಯಾನ್ ಕೈಬಿಗಿ ಮನುಷ್ಯ, ನನಗೂ ಮಕ್ಕಳಿಗೂ ಸಾಕಾಗುವಷ್ಟು ಕೊಡುವುದಿಲ್ಲ ಎಂದು ದೂರಿಕೊಂಡರು. ಅವಳಿಗೂ ಮಕ್ಕಳಿಗೂ ಸಾಕಾಗುವಷ್ಟನ್ನು ನ್ಯಾಯವಾಗಿ ಅವನ ಸೊತ್ತಿನಿಂದ ತೆಗೆದುಕೊಳ್ಳಲು ಪ್ರವಾದಿ(ಸ)ರು ಅನುಮತಿಸಿದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದು ವರದಿಯಾಗಿದೆ. ಹೆಂಡತಿಯ ಊಟ ಗಂಡನ ಔದಾರ್ಯವಲ್ಲ, ಆಕೆಯ ಹಕ್ಕು ಎಂದು ಇದರಿಂದ ತಿಳಿಯುತ್ತದೆ. ಹಿಜರಿ 18ರ ಬರಗಾಲದಲ್ಲಿ ಹಝ್ರತ್ ಉಮರ್(ರ) ಏನು ಮಾಡಿದರು? ಜನಸಾಮಾನ್ಯರಿಗೆ ತುಪ್ಪ ಸಿಗುವವರೆಗೆ ತಾನೂ ತುಪ್ಪ ಮುಟ್ಟುವುದಿಲ್ಲವೆಂದು ಎಣ್ಣೆಯಲ್ಲೇ ಊಟ ಮಾಡಿದರು. ಬಿಗಿಗಾಲ ಬಂದರೆ ಮೊದಲು ಬಿಗಿಯಾಗಬೇಕಾದದ್ದು ಯಜಮಾನನ ಹೊಟ್ಟೆ. ನಮ್ಮ ಮನೆಗಳಲ್ಲಿ ಅದು ತಿರುಗುಮುರುಗಾಗಿದೆ.

ಪುಸ್ತಕ ಬಿಚ್ಚಿದಾಗ

ನಂತರ ಸಾಲದ ಪುಸ್ತಕ ಬಿಚ್ಚಿದೆವು. ಒಂದು ತಿಂಗಳ ಬರಹವನ್ನು ಸಾಲು ಸಾಲಾಗಿ ಓದಿದೆವು.

ಮೊದಲನೆಯದು ಅಕ್ಕಿ. ನ್ಯಾಯಬೆಲೆ ಅಂಗಡಿಯಿಂದ ಬರುವ ಅಕ್ಕಿಯಲ್ಲಿ ತಿಂಗಳಿಗೆ 40 ಕಿಲೋವನ್ನು ಬಾಗಿಲಿಗೆ ಬರುವ ವ್ಯಾಪಾರಿಗೆ ಕಿಲೋಗೆ 15 ರೂಪಾಯಿಯಂತೆ ಮಾರುತ್ತಿದ್ದರು. ಕೈಗೆ ಬಂದದ್ದು 600. ಅಂಗಡಿಯಿಂದ 25 ಕಿಲೋದ ಎರಡು ಮೂಟೆ ಸಣ್ಣಕ್ಕಿ, ಮೂಟೆಗೆ 1,400ರಂತೆ, 2,800 ರೂಪಾಯಿಗೆ ಸಾಲವಾಗಿ ತರುತ್ತಿದ್ದರು. ವ್ಯತ್ಯಾಸ 2,200. ಏಕೆ ಮಾರುತ್ತೀರಿ ಎಂದರೆ, ಆ ಅಕ್ಕಿ ದಪ್ಪ, ಬಂದವರ ಮುಂದೆ ಬಡಿಸಲು ನಾಚಿಕೆ ಎಂದರು. ಪಡಿತರ ಅಕ್ಕಿ ಮಾರುವುದು ಕಾನೂನಿಗೂ ವಿರುದ್ಧ, ಅಮಾನತಿಗೂ ವಿರುದ್ಧ. ಹಸಿದವರ ಹೊಟ್ಟೆಗೆಂದು ಕೊಟ್ಟದ್ದನ್ನು ಮಾರಿ, ನಾಚಿಕೆ ಮುಚ್ಚಿಕೊಳ್ಳಲು ಸಾಲ ಮಾಡುವುದು ಎಂಥ ವ್ಯವಹಾರ?

ಎರಡನೆಯದು ಮಕ್ಕಳ ಪೊಟ್ಟಣ. ಕುರುಕಲು ತಿಂಡಿಯ ಹತ್ತು ರೂಪಾಯಿ ಪೊಟ್ಟಣ, ನಾಲ್ಕು ಮಕ್ಕಳಿಗೆ, ಮೂವತ್ತು ದಿನ. 1,200 ರೂಪಾಯಿ. ಅದರಲ್ಲಿ ಅರ್ಧ ಗಾಳಿ, ಉಳಿದದ್ದು ಉಪ್ಪು ಮತ್ತು ಎಣ್ಣೆ. ಹೆಣ್ಣುಮಕ್ಕಳ ಮೊಟ್ಟೆ ನಿಂತಿತ್ತು, ಪೊಟ್ಟಣ ನಿಂತಿರಲಿಲ್ಲ. ಪೊಟ್ಟಣ ಇಲ್ಲದಿದ್ದರೆ ಮಕ್ಕಳು ಅಳುತ್ತಾರೆ. ಮೊಟ್ಟೆ ಇಲ್ಲದಿದ್ದರೆ ಯಾರೂ ಅಳುವುದಿಲ್ಲ.

ಮೂರನೆಯದು ಪುಸ್ತಕದಲ್ಲಿ ಬರೆಯದ ಖರ್ಚು. ಅಣ್ಣತಮ್ಮಂದಿರಿಬ್ಬರೂ ಹೊರಗೆ ದಿನಕ್ಕೆ ಎರಡೆರಡು ಟೀ ಕುಡಿಯುತ್ತಿದ್ದರು. ಲೋಟಕ್ಕೆ 10 ರೂಪಾಯಿಯಂತೆ ದಿನಕ್ಕೆ 40, ತಿಂಗಳಿಗೆ 1,200. ಮಕ್ಕಳ ಪೊಟ್ಟಣವೂ ಗಂಡಸರ ಟೀಯೂ ಸರಿಸಮ. ಆದ್ದರಿಂದ ಇಂದು ಪ್ರವಚನ ಕೇಳಿ ಮನೆಗೆ ಹೋಗಿ ಹೆಂಡತಿಯ ಮುಂದೆ ಇನ್ನೊಂದು ಖುತ್ಬಾ ಓದಬೇಡಿ. ಮೊದಲು ಸ್ವಂತ ಜೇಬಿನ ಲೆಕ್ಕ ಹೇಳಿ, ಆಮೇಲೆ ಅಡುಗೆಮನೆಯ ಲೆಕ್ಕ ಕೇಳಿ.

ನಾಲ್ಕನೆಯದು ನಮ್ಮನ್ನೇ ಚುಚ್ಚಿತು. ಮಸೀದಿಯ ಇಮಾಮ್ ಮತ್ತು ಮುಅಝ್ಝಿನ್‌ರಿಗೆ ಸರದಿಯ ಮೇಲೆ ದಿನಕ್ಕೊಂದು ಮನೆಯಿಂದ ಊಟ ಬರುವುದು ನಿಮಗೆಲ್ಲ ಗೊತ್ತು. ತಿಂಗಳಿಗೊಮ್ಮೆ ಆ ಮನೆಯ ಸರದಿ. ಆ ದಿನದ ಬರಹ ಹೀಗಿತ್ತು: ಸಣ್ಣಕ್ಕಿ, ತುಪ್ಪ, ಮಸಾಲೆ. ಮಾಂಸದ ಅಂಗಡಿಯಲ್ಲಿ ಬೇರೆ ಸಾಲ: ಅರ್ಧ ಕಿಲೋ, 400 ರೂಪಾಯಿ. ಆ ದಿನ ಟಿಫನ್ ಕ್ಯಾರಿಯರ್ ನಮ್ಮ ಕೋಣೆಗೆ ಬಂದಿತ್ತು, ನಾವು ಉಂಡು ಅಲ್‌ಹಮ್ದುಲಿಲ್ಲಾಹ್ ಹೇಳಿದ್ದೆವು. ಆ ಮನೆಯ ಮಕ್ಕಳು ಅಂದು ಉಂಡದ್ದು ಅನ್ನ ಮತ್ತು ಸಾರು. ಬರೆದವರು ಅವರು, ಉಂಡವರು ನಾವು. ಆ ಪುಟದ ಮುಂದೆ ನಾವು ಬಹಳ ಹೊತ್ತು ಕುಳಿತೆವು.

ಇಮಾಮ್ ಮಾಲಿಕ್(ರ)ರ ಮುವತ್ತಾದಲ್ಲಿ ಒಂದು ಘಟನೆ ಇದೆ. ಜಾಬಿರ್(ರ) ಮಾಂಸ ಕೊಂಡೊಯ್ಯುತ್ತಿರುವುದನ್ನು ಕಂಡ ಹಝ್ರತ್ ಉಮರ್(ರ) ಇದೇನೆಂದು ವಿಚಾರಿಸಿದರು. ಮಾಂಸ ತಿನ್ನಲು ಆಸೆಯಾಯಿತು, ಒಂದು ದಿರ್ಹಮಿನಷ್ಟು ಕೊಂಡೆ ಎಂದರು ಜಾಬಿರ್. ನೆರೆಯವನಿಗಾಗಿ, ನೆಂಟನಿಗಾಗಿ ಸ್ವಲ್ಪ ಹೊಟ್ಟೆ ಮಡಚಿಕೊಳ್ಳುವವರು ನಿಮ್ಮಲ್ಲಿ ಇಲ್ಲವೇ ಎಂದು ಉಮರ್(ರ) ಕೇಳಿದರು. ಈ ಪ್ರಶ್ನೆ ಮಿಂಬರಿನ ಮೇಲೆ ನಿಂತವನಿಗೂ ಸೇರಿದೆ. ಅಂದಿನಿಂದ ನಮ್ಮ ಮಸೀದಿಯ ಕಮಿಟಿ ಒಂದು ನಿಯಮ ಮಾಡಿದೆ: ಸರದಿಯ ದಿನ ಮನೆಯಲ್ಲಿ ಏನು ಮಾಡಿದ್ದಾರೋ ಅದೇ ಬರಬೇಕು, ಕಷ್ಟವಿದ್ದ ಮನೆ ಸರದಿ ಬಿಟ್ಟರೆ ಏಕೆಂದು ಯಾರೂ ಕೇಳಬಾರದು.

ಅಳೆದು ಹಾಕಿ, ಕೂಡಿ ಉಣ್ಣಿ

ಈಗ ಪರಿಹಾರದ ಮಾತು. ಆಹಾರವನ್ನು ಅಳೆಯಿರಿ, ಅದರಲ್ಲಿ ನಿಮಗೆ ಬರಕತ್ ಇರುವುದು ಎಂದು ಪ್ರವಾದಿ(ಸ)ರು ಬೋಧಿಸಿದ್ದನ್ನು ಮಿಕ್ದಾಮ್(ರ) ವರದಿ ಮಾಡಿದ್ದಾರೆ, ಬುಖಾರಿಯಲ್ಲಿದೆ. ನಮ್ಮ ಸೀಮೆಯ ಅಜ್ಜಿಯಂದಿರಿಗೆ ಈ ಅಳತೆ ಗೊತ್ತಿತ್ತು. ಎರಡು ಪಾವಿಗೆ ಅಚ್ಚೇರು, ನಾಲ್ಕು ಪಾವಿಗೆ ಸೇರು. ಪ್ರತಿ ಅಡುಗೆಮನೆಯ ಅಕ್ಕಿ ಡಬ್ಬಿಯಲ್ಲಿ ಒಂದು ಪಾವು ಇರುತ್ತಿತ್ತು. ಈಗ ಕೈಗೆ ಸಿಕ್ಕ ಲೋಟದಲ್ಲಿ ಅಂದಾಜಿಗೆ ಹಾಕುತ್ತೇವೆ, ಉಳಿದದ್ದು ಚರಂಡಿಗೆ ಹೋಗುತ್ತದೆ. ದಿನಕ್ಕೆ ಕಾಲು ಕಿಲೋ ಅಕ್ಕಿಯಷ್ಟು ಅನ್ನ ಹಾಳಾದರೆ ತಿಂಗಳಿಗೆ ಏಳೂವರೆ ಕಿಲೋ, ವರ್ಷಕ್ಕೆ 90 ಕಿಲೋ.

ಹಝ್ರತ್ ಆಯಿಶಾ(ರ)ರ ಇನ್ನೊಂದು ವರದಿ ಕೆಲವರಿಗೆ ನೆನಪಾಗಬಹುದು. ಅವರ ಮನೆಯಲ್ಲಿ ಸ್ವಲ್ಪ ಬಾರ್ಲಿ ಇತ್ತು, ಬಹಳ ದಿನ ಅದರಿಂದಲೇ ಉಂಡರು, ಕೊನೆಗೆ ಅಳೆದರು, ಅಳೆದ ಮೇಲೆ ಮುಗಿದುಹೋಯಿತು. ಹಾಗಾದರೆ ಅಳೆಯಬೇಕೋ ಬೇಡವೋ? ವಿದ್ವಾಂಸರು ಎರಡನ್ನೂ ಹೀಗೆ ಹೊಂದಿಸಿದ್ದಾರೆ: ಕೊಳ್ಳುವಾಗ, ಮಾರುವಾಗ, ಬಳಕೆಗೆ ತೆಗೆಯುವಾಗ ಅಳೆಯಬೇಕು, ಅಲ್ಲಾಹನ ಭಂಡಾರದಲ್ಲಿ ಇನ್ನೆಷ್ಟು ಉಳಿದಿದೆಯೋ ಎಂಬ ಅಪನಂಬಿಕೆಯಿಂದ ಅಳೆಯಬಾರದು. ಪಾತ್ರೆಗೆ ಹಾಕುವ ಅಕ್ಕಿಯನ್ನು ಅಳೆಯಿರಿ. ಸೊಸೆಯ ತಟ್ಟೆಯ ಅನ್ನವನ್ನು, ಅತಿಥಿಯ ತುತ್ತನ್ನು ಅಳೆಯಬೇಡಿ.

ಸಹಾಬಿಗಳು ಒಮ್ಮೆ, ನಾವು ಉಣ್ಣುತ್ತೇವೆ, ಹೊಟ್ಟೆ ತುಂಬುವುದಿಲ್ಲ ಎಂದರು. ಬೇರೆ ಬೇರೆಯಾಗಿ ಉಣ್ಣುತ್ತೀರೇನೋ ಎಂದು ಪ್ರವಾದಿ(ಸ)ರು ಕೇಳಿ, ಒಟ್ಟಿಗೆ ಕುಳಿತು ಅಲ್ಲಾಹನ ನಾಮ ಸ್ಮರಿಸಿ ಉಣ್ಣಲು ಹೇಳಿದರು, ಅಬೂದಾವೂದ್‌ನಲ್ಲಿದೆ. ಇಬ್ಬರ ಊಟ ಮೂವರಿಗೆ, ಮೂವರ ಊಟ ನಾಲ್ವರಿಗೆ ಸಾಕೆಂಬ ಹದೀಸ್ ಎಲ್ಲರಿಗೂ ಗೊತ್ತು. ಇದರಲ್ಲಿ ಬರಕತ್ತೂ ಇದೆ, ಮನೆವಾರ್ತೆಯ ಬುದ್ಧಿಯೂ ಇದೆ. ಒಂಬತ್ತು ಜನ ಆರು ಹೊತ್ತಿನಲ್ಲಿ ಉಂಡರೆ ಆರು ಸಲ ಬಿಸಿ ಮಾಡಬೇಕು, ಆರು ಸಲ ಸ್ವಲ್ಪ ಸ್ವಲ್ಪ ಉಳಿಯುತ್ತದೆ, ಕೊನೆಗೆ ಉಣ್ಣುವವರಿಗೆ ತಳ ಸಿಗುತ್ತದೆ. ಒಂದೇ ದಸ್ತರ್‌ಖಾನ್ ಹಾಸಿ ಎಲ್ಲರೂ ಕುಳಿತರೆ ಎಷ್ಟಿದೆ, ಯಾರಿಗೆ ಎಷ್ಟು ಎಂಬುದು ಎಲ್ಲರ ಕಣ್ಣಿಗೆ ಕಾಣುತ್ತದೆ. ಅತ್ತೆಯ ಹಾಲೂ ಸೊಸೆಯ ಹಸಿವೂ ಆಗ ಮರೆಯಲ್ಲಿ ಉಳಿಯುವುದಿಲ್ಲ. ಗಂಡಸರು ಒಂದು ಕೋಣೆಯಲ್ಲಿ, ಹೆಂಗಸರು ಇನ್ನೊಂದರಲ್ಲಿ ಕೂರುವ ಮನೆಯಾದರೆ ಅನ್ನವನ್ನು ಮೊದಲೇ ಎರಡು ಪಾಲು ಮಾಡಿ. ಉಳಿದದ್ದು ಅವರಿಗೆ ಎನ್ನುವ ಪದ್ಧತಿ ಬೇಡ.

ಅಡುಗೆಯ ಮಾತನ್ನು ಸಹೋದರಿಯರು ನಮಗಿಂತ ಚೆನ್ನಾಗಿ ಬಲ್ಲರು. ಆ ಮನೆಯಲ್ಲಿ ಅವರೇ ಕಂಡುಕೊಂಡದ್ದನ್ನು ಹೇಳುತ್ತೇವೆ. ಪಡಿತರ ಅಕ್ಕಿಯನ್ನು ಕೆಲವು ತಿಂಗಳು ಹಳತು ಮಾಡಿ, ಅರ್ಧ ಗಂಟೆ ನೆನೆಸಿ ಮಾಡಿದರೆ ಅನ್ನ ಅಂಟುವುದಿಲ್ಲ. ದೋಸೆ, ಇಡ್ಲಿ, ಅಕ್ಕಿ ರೊಟ್ಟಿ, ಖಿಚಡಿಗೆ ಅದೇ ಮೇಲು. ವಾರದಲ್ಲಿ ಮೂರು ರಾತ್ರಿ ರಾಗಿ ಮುದ್ದೆ. ಬಸ್ಸಾರು ನಮ್ಮ ಮೈಸೂರು ಸೀಮೆಯ ಜಾಣತನ: ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ ಕಟ್ಟು ಬಸಿದರೆ ಕಟ್ಟು ಸಾರಾಗುತ್ತದೆ, ಸೊಪ್ಪು ಕಾಳು ಪಲ್ಯವಾಗುತ್ತದೆ. ಒಂದೇ ಒಲೆ, ಎರಡು ಅಡುಗೆ. ಹುರುಳಿ, ಅಲಸಂದೆ, ಕಾಲಕ್ಕೆ ಅವರೆ ನಮ್ಮ ಸುತ್ತಿನ ಹೊಲಗಳಲ್ಲೇ ಬೆಳೆಯುತ್ತವೆ. ತೊಗರಿ ಬೇಳೆಯ ಮೇಲೆ ಮಾತ್ರ ಹಟ ಬೇಡ.

ಮಾಂಸವನ್ನು ಬಿಡಿ ಎಂದು ನಾವು ಹೇಳುವುದಿಲ್ಲ. ಬನ್ನೂರು ಕುರಿಯ ತಾಲೂಕಿನಲ್ಲಿ ನಿಂತು ಹಾಗೆ ಹೇಳಿದರೆ ಯಾರೂ ಕೇಳುವುದೂ ಇಲ್ಲ. ಅದೇ ಕಾಲು ಕಿಲೋ ಮಾಂಸವನ್ನು ಮೂಳೆ, ಸೋರೆಕಾಯಿ, ಬೇಳೆಯೊಂದಿಗೆ ದಾಲ್ಚಾ ಮಾಡಿದರೆ ಒಂಬತ್ತು ಜನಕ್ಕೂ ರುಚಿ ಸಿಗುತ್ತದೆ. ಸಾರು ಮಾಡುವಾಗ ನೀರು ಹೆಚ್ಚಿಸಿ ನೆರೆಯವರನ್ನು ನೆನೆಯಲು ಪ್ರವಾದಿ(ಸ)ರು ಅಬೂದರ್(ರ)ರಿಗೆ ಉಪದೇಶಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಬಡವನ ಮನೆಯ ಸಾರಿನಲ್ಲೂ ನೆರೆಯವನಿಗೆ ಪಾಲಿದೆ.

ನದಿಯ ದಡದವರಾದ ನಮಗೆ ಇನ್ನೊಂದು ವರದಿ ಚೆನ್ನಾಗಿ ಅರ್ಥವಾಗಬೇಕು. ಹರಿಯುವ ನದಿಯ ಬಳಿ ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ಪ್ರವಾದಿ(ಸ)ರು ಸಅದ್(ರ)ರಿಗೆ ತಿಳಿಹೇಳಿದ ವರದಿ ಇಬ್ನು ಮಾಜದಲ್ಲಿದೆ. ಕಪಿಲೆಯೂ ಕಾವೇರಿಯೂ ಕೂಡುವ ಊರಿನಲ್ಲಿ, ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸೀಮೆಯಲ್ಲಿ, ಬೇಕಾದಷ್ಟಿದೆ ಎಂಬ ಭಾವನೆಯೇ ನಮ್ಮನ್ನು ಕೆಡಿಸಿದೆ.

ಚೀಟಿಯ ಹೆಸರು, ಕೂಡಿ ಕೊಳ್ಳುವುದು

ಆ ಮನೆಯ ರೇಷನ್ ಕಾರ್ಡಿನಲ್ಲಿ ಎಂಟು ಹೆಸರುಗಳಿದ್ದವು. ಒಂದು, ತೀರಿಕೊಂಡ ತಂದೆಯದು. ತಮ್ಮನ ಪತ್ನಿಯ ಹೆಸರು ಇಲ್ಲ, ಕೊನೆಯ ಮಗುವಿನದೂ ಇಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ ಧಾನ್ಯದ ಹಕ್ಕಿದೆ; ರಾಜ್ಯ ಸೇರಿಸಿ ಕೊಡುವುದು ಅದರ ಮೇಲೆ. ದೊಡ್ಡ ಸಂಸಾರದಲ್ಲಿ ಇಬ್ಬರ ಹೆಸರು ಬಿಟ್ಟುಹೋದರೆ ಪ್ರತಿ ತಿಂಗಳು 10 ಕಿಲೋ ಬಿಟ್ಟುಹೋದಂತೆ. ಹೆಸರು ಸೇರಿಸಿ ಎಂದೆವು. ತಂದೆಯ ಹೆಸರು ತೆಗೆಸಿ ಎಂದೂ ಹೇಳಿದೆವು. ಅವರು ಸ್ವಲ್ಪ ಹಿಂಜರಿದರು. ಮರಣಿಸಿದವರ ಪಾಲಿನ ಅಕ್ಕಿ ನಮಗೆ ಹಲಾಲ್ ಅಲ್ಲ, ಸಹೋದರರೇ. ತಂದೆಗೆ ದುಆ ಕಳುಹಿಸಬೇಕು, ತಂದೆಯ ಹೆಸರಿನಲ್ಲಿ ಅಕ್ಕಿ ತರಿಸಬಾರದು. ನಮ್ಮ ಹಕ್ಕನ್ನು ಬಿಡದಿರುವುದೂ ಪರರ ಹಕ್ಕನ್ನು ಮುಟ್ಟದಿರುವುದೂ ಒಂದೇ ಈಮಾನಿನ ಎರಡು ಭಾಗಗಳು.

ಶಾಲೆಯ ಬಿಸಿಯೂಟವನ್ನು ಮಕ್ಕಳು ಉಣ್ಣಲಿ. ನಮ್ಮ ಮಕ್ಕಳು ಸಾಲಿನಲ್ಲಿ ಕೂತು ಉಣ್ಣುವುದೇ ಎಂಬ ಬಿಗುಮಾನ ಬೇಡ. ಮನೆಯಲ್ಲಿ ಗರ್ಭಿಣಿ ಅಥವಾ ಬಾಣಂತಿ ಇದ್ದರೆ ಅಂಗನವಾಡಿಯಲ್ಲಿ ಅವರ ಊಟದ ಹಕ್ಕನ್ನು ಕೇಳಿ. 2023ರ ಆಗಸ್ಟಿನಲ್ಲಿ ಮೈಸೂರಿನಲ್ಲೇ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯೊಡತಿಯ ಹೆಸರಿಗೆ ಬರುವ ಹಣ. ಅದನ್ನು ಆಕೆಯ ಕೈಯಿಂದ ಕಿತ್ತುಕೊಳ್ಳದಿರಿ.

ಇನ್ನು ಕೊಳ್ಳುವ ರೀತಿ. ಐದು ರೂಪಾಯಿ, ಹತ್ತು ರೂಪಾಯಿಯ ಚಿಕ್ಕ ಪೊಟ್ಟಣ ಅಗ್ಗವೆಂದು ಕಾಣುತ್ತದೆ. ಈಗ ಹಲವು ಪೊಟ್ಟಣಗಳ ಮೇಲೆ ಗರಿಷ್ಠ ಬೆಲೆಯ ಪಕ್ಕದಲ್ಲೇ ಒಂದು ಗ್ರಾಮಿಗೆ ಎಷ್ಟೆಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಶಾಲೆಗೆ ಹೋಗುವ ಮಕ್ಕಳಿಂದ ಅದನ್ನು ಓದಿಸಿ, ದೊಡ್ಡದಕ್ಕೂ ಚಿಕ್ಕದಕ್ಕೂ ಹೋಲಿಸಿ. ಲೆಕ್ಕವೂ ಕಲಿತಂತಾಗುತ್ತದೆ.

ದೊಡ್ಡ ಮೂಟೆ ತರಲು ಒಂದು ಮನೆಗೆ ಒಟ್ಟಿಗೆ ಹಣವಿರುವುದಿಲ್ಲ. ಆರು ಮನೆಗೆ ಇರುತ್ತದೆ. ನಮ್ಮ ಮೊಹಲ್ಲಾದ ಆರು ಮನೆಗಳ ಸಹೋದರಿಯರು ಈಗ ತಿಂಗಳ ಮೊದಲ ವಾರ ಹಣ ಕೂಡಿಸುತ್ತಾರೆ. ಇಬ್ಬರು ನಂಜನಗೂಡು ರಸ್ತೆಯ ಬಂಡಿಪಾಳ್ಯದ ಮಾರುಕಟ್ಟೆಗೋ ಮೈಸೂರಿನ ಸಂತೇಪೇಟೆಗೋ ಹೋಗಿ ಬೇಳೆ, ಕಾಳು, ಒಣಮೆಣಸಿನಕಾಯಿ, ಹುಣಸೆ ಸಗಟು ಬೆಲೆಗೆ ತರುತ್ತಾರೆ. ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ತಂದದ್ದನ್ನು ಎಲ್ಲರ ಮುಂದೆ ತೂಗಿ ಹಂಚುತ್ತಾರೆ, ಪುಸ್ತಕದಲ್ಲಿ ಬರೆಯುತ್ತಾರೆ. ಅಲ್ ಬಕರದ ಆ ಉದ್ದದ ಆಯತ್ ಹೀಗೆ ನಮ್ಮ ಗಲ್ಲಿಗೆ ಬಂದಿದೆ.

ಅಂಗಡಿಯ ಸಹೋದರರಿಗೆ

ಮೊದಲ ಸಾಲಿನಲ್ಲಿ ನಿಲ್ಲುವ ವ್ಯಾಪಾರಿ ಸಹೋದರರೇ, ನೀವು ಕೊಡುವ ಕಡ ಎಷ್ಟೋ ಮನೆಗಳ ಒಲೆ ಆರದಂತೆ ನೋಡಿಕೊಂಡಿದೆ. ಅಲ್ಲಾಹನು ಅದರ ಪ್ರತಿಫಲ ಕೊಡಲಿ. ಆದರೆ ಮೂರು ವಿಷಯಗಳಲ್ಲಿ ಅವನನ್ನು ಭಯಪಡಿರಿ. ಸಾಲದ ಗಿರಾಕಿಗೆ ಬೆಲೆ ಹೇಳದೆ ಬರೆಯಬೇಡಿ. ಪ್ರತಿ ವಾರ ಪುಸ್ತಕ ಓದಿ ತೋರಿಸಿ. ನಗದಿಗೊಂದು, ಕಡಕ್ಕೊಂದು ಬೆಲೆ ಇದ್ದರೆ ಕೊಡುವ ಮೊದಲೇ ನಿಗದಿ ಮಾಡಿ ತಿಳಿಸಬೇಕು, ಬಹುತೇಕ ಫಕೀಹರು ಅದನ್ನು ಒಪ್ಪುತ್ತಾರೆ. ತಡವಾಯಿತೆಂದು ಆಮೇಲೆ ಸೇರಿಸಿದರೆ ಅದು ಬಡ್ಡಿ. ತಕ್ಕಡಿಯ ವಿಷಯದಲ್ಲಿ ಸೂರಾ ಅಲ್ ಮುತಫ್ಫಿಫೀನ್ ಏನು ಎಚ್ಚರಿಸಿದೆಯೆಂದು ನಿಮಗೆ ಗೊತ್ತು. ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಅವಕಾಶ ಕೊಡಬೇಕೆಂದೂ ಬಿಟ್ಟುಬಿಟ್ಟರೆ ಇನ್ನೂ ಒಳಿತೆಂದೂ ಅಲ್ ಬಕರ 280ರಲ್ಲಿ ಕಲಿಸಲಾಗಿದೆ. ನೆನಪಿಸಬೇಕಾದರೆ ಮನೆಯ ಹತ್ತಿರ ಮೆಲ್ಲಗೆ ನೆನಪಿಸಿ. ಮಸೀದಿಯ ಅಂಗಳದಲ್ಲಿ ಬೇಡ.

ಕೊನೆಯ ಮಾತು

ಇಷ್ಟು ಮಕ್ಕಳಿದ್ದರೆ ಖರ್ಚು ಆಗದೇ ಇರುತ್ತದೆಯೇ ಎಂದು ಆ ಮನೆಯವರಿಗೆ ಯಾರೋ ಚುಚ್ಚಿದ್ದರಂತೆ. ಪುಸ್ತಕ ಓದಿದ ನಾವು ಸಾಕ್ಷಿ ಹೇಳುತ್ತೇವೆ: ಆ ಮನೆಯ ಸಾಲ ಹೊಟ್ಟೆಗಳಿಂದ ಆದದ್ದಲ್ಲ. ನಾಚಿಕೆಯಿಂದ, ಅಂದಾಜಿನಿಂದ, ಲೆಕ್ಕವಿಲ್ಲದ ಚಿಲ್ಲರೆಯಿಂದ ಆದದ್ದು. ಮನೆಯವರಿಗಾಗಿ ಖರ್ಚು ಮಾಡಿದ ದೀನಾರಿಗೆ ಎಲ್ಲಕ್ಕಿಂತ ದೊಡ್ಡ ಪ್ರತಿಫಲವಿದೆ ಎಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ಸೂರಾ ಅಲ್ ಫುರ್ಕಾನ್‌ನಲ್ಲಿ ಅಲ್ಲಾಹನು ತನ್ನ ದಾಸರನ್ನು ವರ್ಣಿಸುವಾಗ, ಅವರು ದುಂದು ಮಾಡುವವರೂ ಅಲ್ಲ, ಜಿಪುಣರೂ ಅಲ್ಲ, ನಡುವಿನ ದಾರಿಯವರು ಎಂದು ಸಾರಿದ್ದಾನೆ. ನಡುವಿನ ದಾರಿ ಅಡುಗೆಮನೆಯ ಮೂಲಕವೇ ಹಾದುಹೋಗುತ್ತದೆ.

ಆ ಮನೆಯಲ್ಲಿ ಈಗ ಪಡಿತರ ಅಕ್ಕಿ ಮನೆಯಲ್ಲೇ ಉಳಿಯುತ್ತದೆ; 10 ಕಿಲೋ ಸಣ್ಣಕ್ಕಿ, 560 ರೂಪಾಯಿಗೆ, ಸಾಕಾಗುತ್ತದೆ. ಅಲ್ಲಿ ಉಳಿದದ್ದು 1,640. ಪೊಟ್ಟಣದ ಜಾಗದಲ್ಲಿ ಕಡಲೆಕಾಯಿ, ಹುರಿಗಡಲೆ, ಬೆಲ್ಲ, ಬಾಳೆಹಣ್ಣು ಬಂದು 700 ಉಳಿಯಿತು. ಗಂಡಸರ ಟೀ ಅರ್ಧವಾಗಿ 600, ಇಮಾಮರ ಮಾಂಸ ನಿಂತು 400. ಒಟ್ಟು 3,340 ರೂಪಾಯಿ. ಅದರಲ್ಲಿ ತಿಂಗಳಿಗೆ 2,000 ಅಂಗಡಿಗೆ ಹೋಗುತ್ತದೆ. ಮೂರು ತಿಂಗಳಲ್ಲಿ 6,000 ತೀರಿದೆ, 5,400 ಬಾಕಿ ಇದೆ. ಉಳಿದದ್ದರಲ್ಲಿ ಅಜ್ಜಿಯ ಹಾಲೂ ಮಕ್ಕಳ ಮೊಟ್ಟೆಯೂ ಮರಳಿ ಬಂದಿವೆ.

ಬಾಕಿ ಪೂರ್ತಿ ತೀರಿಲ್ಲ. ಆದರೂ ಆ ಸಹೋದರ ಈಗ ನಮ್ಮ ಮಸೀದಿಗೇ ಬರುತ್ತಾರೆ. ಕಳೆದ ಶುಕ್ರವಾರ ಅಂಗಡಿ ಭಾಯಿ ತಾವೇ ಸ್ವಲ್ಪ ಸರಿದು ತಮ್ಮ ಪಕ್ಕದಲ್ಲಿ ಅವರಿಗೆ ಜಾಗ ಕೊಟ್ಟರು.

ಸಹೋದರರೇ, ಇಂದು ಮನೆಗೆ ಹೋಗಿ ಮೂರು ಕೆಲಸ ಮಾಡಿ. ಅಂಗಡಿಯ ಪುಸ್ತಕವನ್ನು ಮನೆಯವರೊಂದಿಗೆ ಕೂತು ಒಮ್ಮೆ ಓದಿ. ಅಕ್ಕಿ ಡಬ್ಬಿಯಲ್ಲಿ ಒಂದು ಪಾವು ಇಡಿ. ರಾತ್ರಿ ಊಟಕ್ಕೆ ಎಲ್ಲರೂ ಕುಳಿತರೇ ಎಂದು ಎಣಿಸಿ, ಆಮೇಲೆ ಬಿಸ್ಮಿಲ್ಲಾಹ್ ಹೇಳಿ.

ಯಾ ಅಲ್ಲಾಹ್, ನಮ್ಮ ಸಂಪಾದನೆಯನ್ನು ಹಲಾಲ್ ಆಗಿಸು, ನಮ್ಮ ಅನ್ನದಲ್ಲಿ ಬರಕತ್ ನೀಡು. ಸಾಲದ ಹೊರೆಯಿಂದಲೂ ಬಡ್ಡಿಯ ಬಲೆಯಿಂದಲೂ ನಮ್ಮ ಮನೆಗಳನ್ನು ಕಾಪಾಡು. ಕೊನೆಗೆ ಉಣ್ಣುವವರನ್ನು ಮರೆಯದ ಯಜಮಾನರನ್ನಾಗಿ ನಮ್ಮನ್ನು ಮಾಡು. ಆಮೀನ್.